ಅಂಗಡಿ-ಹೋಟೆಲುಗಳ ತ್ಯಾಜ್ಯ ಲೆಕ್ಕಪರಿಶೋಧನೆ: ವ್ಯಾಪಾರಿಗೂ ಪಂಚಾಯಿತಿಗೂ ಲಾಭ

ಅಂಗಡಿಯ ಮಾಲೀಕರು ದಿನದ ವ್ಯಾಪಾರದ ಲೆಕ್ಕವನ್ನು ತಪ್ಪದೆ ಬರೆದಿಡುತ್ತಾರೆ. ಆದರೆ ಅದೇ ಅಂಗಡಿಯಿಂದ ದಿನವೂ ಹೊರಬೀಳುವ ಕಸದ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಹಣ ಕೊಟ್ಟು ತಂದ ಅಕ್ಕಿ, ತರಕಾರಿ, ಎಣ್ಣೆ, ರಟ್ಟು, ಚೀಲಗಳ ಒಂದು ಪಾಲೇ ಕಸದ ರೂಪದಲ್ಲಿ ಹೊರಹೋಗುತ್ತದೆ. ಆ ಪಾಲು ಎಷ್ಟೆಂದು ತೂಗಿ ನೋಡುವ ಕ್ರಮವೇ ತ್ಯಾಜ್ಯ ಲೆಕ್ಕಪರಿಶೋಧನೆ. ಇದು ದಂಡ ವಿಧಿಸುವ ತಪಾಸಣೆಯಲ್ಲ. ವ್ಯಾಪಾರಿಯು ತನ್ನ ಹಿತಕ್ಕಾಗಿ ತಾನೇ ನಡೆಸಿಕೊಳ್ಳಬಹುದಾದ ಲೆಕ್ಕ.

1. ನಡೆಸುವ ಕ್ರಮ

ಸಂತೆಯ ದಿನವೂ ಸೇರುವಂತೆ ಸತತ ಏಳು ದಿನಗಳನ್ನು ಆರಿಸಿಕೊಳ್ಳಬೇಕು. ಹಸಿ ಕಸ, ಒಣ ಕಸ ಹಾಗೂ ಅಪಾಯಕಾರಿ ಕಸಕ್ಕೆ ಬೇರೆ ಬೇರೆ ಬುಟ್ಟಿಗಳನ್ನಿಟ್ಟು, ರಾತ್ರಿ ಬಾಗಿಲು ಹಾಕುವ ಮುನ್ನ ತೂಗಿ ನೋಟ್‌ಪುಸ್ತಕದಲ್ಲಿ ಬರೆಯಬೇಕು. ಒಣ ಕಸದಲ್ಲಿ ರಟ್ಟು, ಹಾಲಿನ ಕವರು, ಬಾಟಲಿ, ಗಾಜು, ತಿಂಡಿ ಪೊಟ್ಟಣ ಎಂದು ವಿಂಗಡಿಸಿದರೆ ಇನ್ನೂ ಒಳ್ಳೆಯದು.

ಹೋಟೆಲುಗಳಲ್ಲಿ ಹಸಿ ಕಸವನ್ನು ಮೂರಾಗಿ ತೂಗುವುದು ಮುಖ್ಯ: ತರಕಾರಿ ಸಿಪ್ಪೆ, ಪಾತ್ರೆಯಲ್ಲಿ ಉಳಿದ ಅಡುಗೆ, ಎಲೆಯಲ್ಲಿ ಬಿಟ್ಟ ಆಹಾರ. ಏಕೆಂದರೆ ಇವುಗಳ ಕಾರಣ ಬೇರೆ, ಪರಿಹಾರವೂ ಬೇರೆ. ಸಿಪ್ಪೆಯನ್ನು ತಪ್ಪಿಸಲಾಗದು, ಅದು ಗೊಬ್ಬರಕ್ಕೆ ಹೋಗಬೇಕು. ಪಾತ್ರೆಯಲ್ಲಿ ಉಳಿದರೆ ಅಡುಗೆಯ ಅಂದಾಜು ತಪ್ಪಿದೆ ಎಂದರ್ಥ. ಎಲೆಯಲ್ಲಿ ಉಳಿದರೆ ಬಡಿಸುವ ಪ್ರಮಾಣ ಹೆಚ್ಚಾಗಿದೆ ಎಂದರ್ಥ.

2. ವ್ಯಾಪಾರಿಗೆ ದೊರೆಯುವ ಲಾಭ

ಒಂದು ಹೋಟೆಲಿನಲ್ಲಿ ದಿನಕ್ಕೆ 6 ಕೆ.ಜಿ. ಅನ್ನ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಸುಮಾರು 2 ಕೆ.ಜಿ. ಅಕ್ಕಿ ಬೇಕು. ಅಕ್ಕಿಯ ದರ ಕೆ.ಜಿ.ಗೆ 50 ರೂ. ಎಂದು ಹಿಡಿದರೆ ದಿನಕ್ಕೆ 100 ರೂ., ತಿಂಗಳಿಗೆ 3,000 ರೂ. ತಿಪ್ಪೆಗೆ ಸೇರಿದಂತಾಯಿತು. ಗ್ಯಾಸು, ನೀರು, ಆಳಿನ ಕೂಲಿ ಇದರಲ್ಲಿ ಸೇರಿಲ್ಲ. ತೂಗಿ ನೋಡುವವರೆಗೆ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಕಿರಾಣಿ ಅಂಗಡಿಯ ರಟ್ಟು ಒಣಗಿದ್ದರೆ ಗುಜರಿಯಲ್ಲಿ ಬೆಲೆ ಬರುತ್ತದೆ. ಸಾರು, ಚಹಾಪುಡಿ ಸೋಕಿ ನೆನೆದರೆ ಅದೇ ರಟ್ಟು ಸಾಗಣೆಯ ಖರ್ಚಾಗುತ್ತದೆ. ಹಾಲಿನ ಕವರನ್ನು ತೊಳೆದು ಒಣಗಿಸಿಟ್ಟರೆ ಅದೂ ಮಾರಾಟಕ್ಕೆ ಯೋಗ್ಯ.

3. ಪಂಚಾಯಿತಿಗೆ ದೊರೆಯುವ ಲಾಭ

ಬಳೆ ಅಂಗಡಿಗೂ ಹೋಟೆಲಿಗೂ ಒಂದೇ ಶುಲ್ಕವೇಕೆ ಎಂಬ ತಕರಾರು ಅನೇಕ ಸಭೆಗಳಲ್ಲಿ ಕೇಳಿಬರುತ್ತದೆ. ತೂಕದ ದಾಖಲೆಯಿದ್ದರೆ ಕಸಕ್ಕೆ ತಕ್ಕ ಶುಲ್ಕವನ್ನು ನಿಗದಿಪಡಿಸಬಹುದು. ವಾಹನ ಯಾವ ಬೀದಿಗೆ ದಿನವೂ ಹೋಗಬೇಕು, ಯಾವ ಬೀದಿಗೆ ವಾರಕ್ಕೆರಡು ಬಾರಿ ಸಾಕು ಎಂಬುದೂ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ವಿಷಯವೊಂದಿದೆ. ಬೆರೆತ ಕಸದ ಚೀಲವನ್ನು ಕೊನೆಗೆ ಯಾರಾದರೂ ಕೈಯಿಂದಲೇ ಬಿಚ್ಚಬೇಕು. ತ್ಯಾಜ್ಯ ಘಟಕಗಳಲ್ಲಿ ಆ ಕೈ ಸಾಮಾನ್ಯವಾಗಿ ಸ್ವಸಹಾಯ ಸಂಘದ ಮಹಿಳೆಯದು. ಕ್ಷೌರದಂಗಡಿಯ ಬ್ಲೇಡು, ಒಡೆದ ಗಾಜು ಹಾಗೂ ಹಳಸಿದ ಅನ್ನ ಒಂದೇ ಚೀಲದಲ್ಲಿ ಬಂದರೆ ಗಾಯವಾಗುವುದು ಆಕೆಗೆ. ಅಂಗಡಿಯಲ್ಲಿಯೇ ವಿಂಗಡಿಸಿ ತೂಗುವ ರೂಢಿ ಬಂದರೆ ಆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

4. ನಿಯಮಗಳು

ಮೂಲದಲ್ಲಿಯೇ ಕಸ ವಿಂಗಡಿಸುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಡ್ಡಾಯಗೊಳಿಸಿದವು. ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಹೊರಹಾಕುವ ಸಂಸ್ಥೆಗಳನ್ನು ಅವು ಪ್ರತ್ಯೇಕ ವರ್ಗವಾಗಿ ಗುರುತಿಸಿದವು. ಯಾವ ಕಲ್ಯಾಣ ಮಂಟಪ ಈ ಮಿತಿಯನ್ನು ದಾಟುತ್ತದೆ ಎಂಬುದು ತೂಗದೆ ತಿಳಿಯದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಪರಿಶೋಧನೆಯಲ್ಲಿ ಇವು ಕಂಡುಬಂದರೆ ಖರೀದಿಯನ್ನು ತಕ್ಷಣವೇ ನಿಲ್ಲಿಸುವಂತೆ ತಿಳಿಹೇಳಬೇಕು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) ತಮ್ಮ ವಾರ್ಡಿನ ಹೋಟೆಲು, ಬೇಕರಿ, ಕೋಳಿ ಅಂಗಡಿ, ಎಳನೀರು ಮಾರಾಟದ ಸ್ಥಳ, ಕಲ್ಯಾಣ ಮಂಟಪಗಳ ಪಟ್ಟಿ ಸಿದ್ಧಪಡಿಸುವುದು.

ಆ) ಸ್ವಇಚ್ಛೆಯಿಂದ ಮುಂದೆ ಬರುವ ಐದು ವ್ಯಾಪಾರಿಗಳಿಂದ ಪ್ರಾರಂಭಿಸುವುದು, ತಕ್ಕಡಿ ಇಲ್ಲದವರಿಗೆ ಘಟಕದ ತಕ್ಕಡಿಯನ್ನು ಒದಗಿಸುವುದು.

ಇ) ವಾರದ ಲೆಕ್ಕವನ್ನು ಮೊದಲು ವ್ಯಾಪಾರಿಯೊಡನೆ ಚರ್ಚಿಸಿ, ಅವರ ಒಪ್ಪಿಗೆಯ ನಂತರ ಸಭೆಯಲ್ಲಿ ಮಂಡಿಸುವುದು.

ಈ) ಮೂರು ತಿಂಗಳ ನಂತರ ಮತ್ತೊಮ್ಮೆ ತೂಗಿ ಎರಡೂ ಲೆಕ್ಕಗಳನ್ನು ಹೋಲಿಸುವುದು.

ಚರ್ಚೆಗೆ: ತಮ್ಮ ಗ್ರಾಮದಲ್ಲಿ ಅತಿ ಹೆಚ್ಚು ಕಸ ಬರುವ ಮೂರು ಸ್ಥಳಗಳು ಯಾವುವು? ಆ ಕಸದಲ್ಲಿ ಮಾರಬಹುದಾದುದು ಎಷ್ಟು, ಗೊಬ್ಬರವಾಗಬಹುದಾದುದು ಎಷ್ಟು? ಉಳಿದುದನ್ನು ಈಗ ಯಾರು, ಎಲ್ಲಿ ಸುಡುತ್ತಿದ್ದಾರೆ?