ಮೀನಿನ ಮೇಲೆ ದೂರು ಹೇಳುವ ಮೊದಲು

ಹೊಸದಾಗಿ ಅಕ್ವೇರಿಯಂ ಇಟ್ಟವರು ಮೊದಲು ಮೀನು ತರುತ್ತಾರೆ, ಆಮೇಲೆ ಗಿಡ ತರುತ್ತಾರೆ. ಒಂದು ಭಾನುವಾರ ಅಂಗಡಿಯಲ್ಲಿ ಕೆಂಪಗೆ ಮಿನುಗುವ ಚೆರ್ರಿ ಸೀಗಡಿ ಕಂಡು ಮರುಳಾಗಿ ಹತ್ತು ಕಟ್ಟಿಸಿಕೊಂಡು ಬರುತ್ತಾರೆ. ಮೂರನೆಯ ದಿನಕ್ಕೆ ನನಗೆ ಫೋನು: “ಆಂಟಿ, ಒಂದೂ ಕಾಣಿಸ್ತಿಲ್ಲ, ಮೀನು ತಿಂದುಬಿಡ್ತು!” ತಿಂದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟು ವರ್ಷ ಸಾಕಿದ ಮೇಲೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಕಂಡಂತೆ ಮೀನಿನ ಬಾಯಿಗೆ ಹೋದ ಸೀಗಡಿಗಿಂತ ನಮ್ಮ ಕೈಯಿಂದ ಸತ್ತ ಸೀಗಡಿಯೇ ಹೆಚ್ಚು.

ಮೀನಿನ ವಿಷಯ ಮೊದಲು ಮುಗಿಸಿಬಿಡೋಣ. ಬಾಯಿಗೆ ಹಿಡಿಸಿದ್ದನ್ನು ಮೀನು ಬಿಡುವುದಿಲ್ಲ. ಚೆರ್ರಿ ಸೀಗಡಿ ಪೂರ್ತಿ ಬೆಳೆದರೂ ಎರಡೂವರೆ, ಮೂರು ಸೆಂಟಿಮೀಟರ್. ಆಗ ತಾನೇ ಹುಟ್ಟಿದ ಮರಿ ರವೆಕಾಳಿನಷ್ಟು. ಏಂಜೆಲ್, ಗೋಲ್ಡ್ ಫಿಶ್, ಟೈಗರ್ ಬಾರ್ಬ್, ಸಿಕ್ಲಿಡ್ ಇವುಗಳ ಜೊತೆ ಬಿಟ್ಟರೆ ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ. ಫೈಟರ್ ಮೀನಿನ ಗುಣ ಒಂದೊಂದರದು ಒಂದೊಂದು ಥರ. ಕೆಲವು ಸುಮ್ಮನಿರುತ್ತವೆ, ಕೆಲವು ಅಟ್ಟಿಸಿಕೊಂಡು ಹೋಗಿ ಮೀಸೆ ಕಚ್ಚುತ್ತವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಪರೀಕ್ಷೆ ನಿಮಗೆ ಬೇಡ. ಎಂಬರ್ ಟೆಟ್ರಾ, ಚಿಲ್ಲಿ ರಾಸ್ಬೋರಾ, ಪಿಗ್ಮಿ ಕೋರಿಡೋರಾಸ್, ಇಂಥ ಸಣ್ಣ ಬಾಯಿಯವನ್ನು ಆರಿಸಿಕೊಳ್ಳಿ. ಎಲ್ಲಕ್ಕಿಂತ ಸಾಧು ಒಟೊಸಿಂಕ್ಲಸ್. ಗಾಜಿನ ಮೇಲಿನ ಪಾಚಿ ಕೆರೆದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಗಪ್ಪಿ, ನಿಯಾನ್ ಟೆಟ್ರಾ ದೊಡ್ಡ ಸೀಗಡಿಯ ತಂಟೆಗೆ ಹೋಗುವುದಿಲ್ಲ, ಮರಿ ಕಂಡರೆ ಮಾತ್ರ ಗುಳುಂ. ಅದಕ್ಕೇ ಜಾವಾ ಮಾಸ್ ಎಂಬ ಪಾಚಿಯನ್ನು ಒಂದು ಮೂಲೆಯಲ್ಲಿ ದಟ್ಟವಾಗಿ ಬೆಳೆಸಿ. ಮರಿಗಳಿಗೆ ಅದೇ ತವರುಮನೆ.

ಇನ್ನೊಂದು ಮಾತು. ಹಳ್ಳ, ಹೊಳೆಯಲ್ಲಿ ಮಕ್ಕಳು ಹಿಡಿದು ತರುವ ಉದ್ದ ಚಿಮಟದ ಸೀಗಡಿಯನ್ನು ಈ ತೊಟ್ಟಿಗೆ ಬಿಡಬೇಡಿ. ಅದು ರಾತ್ರಿ ಮಲಗಿದ ಸಣ್ಣ ಮೀನನ್ನೇ ಹಿಡಿದು ತಿನ್ನುತ್ತದೆ. ಆಗ ಸೀಗಡಿಯ ಮೇಲೆ ದೂರು ಹೇಳುವ ಸರದಿ ನಿಮ್ಮದು.

ಈಗ ನಿಮ್ಮ ತಪ್ಪುಗಳಿಗೆ ಬರುತ್ತೇನೆ. ಮೊದಲನೆಯದು ಅವಸರ. ಶನಿವಾರ ತೊಟ್ಟಿ ತಂದು ಭಾನುವಾರ ಸೀಗಡಿ ಬಿಡುವುದು ಎಂಥ ಬುದ್ಧಿ? ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆ ಹೊತ್ತಿಗೆ ಕಲ್ಲು, ಎಲೆಗಳ ಮೇಲೆ ತೆಳ್ಳಗೆ ಲೋಳೆಯ ಪದರವೂ ಕಟ್ಟಿರುತ್ತದೆ. ಸೀಗಡಿ ಇಡೀ ದಿನ ಮೇಯುವುದು ಅದನ್ನೇ. ತಾಳಿದವನು ಬಾಳಿಯಾನು. ಸಾಧ್ಯವಾದರೆ ಸೀಗಡಿಯನ್ನು ಮೊದಲು ಬಿಟ್ಟು, ಅವು ಮರಿ ಹಾಕಿ ಸಂಸಾರ ಹೂಡಿದ ಮೇಲೆ ಮೀನು ತನ್ನಿ.

ಅಂಗಡಿಯ ಕವರನ್ನು ಕತ್ತರಿಸಿ ಸೀದಾ ತೊಟ್ಟಿಗೆ ಸುರಿಯುವ ಅಭ್ಯಾಸವನ್ನಂತೂ ಇಂದೇ ಬಿಡಿ. ಕವರಿನ ನೀರು ಸಮೇತ ಸೀಗಡಿಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ತೊಟ್ಟಿಗಿಂತ ಕೆಳಗೆ ಇಡಿ. ಗಾಳಿ ಪಂಪಿನ ಸಣ್ಣ ಪೈಪಿಗೆ ಸಡಿಲವಾಗಿ ಒಂದು ಗಂಟು ಹಾಕಿ, ತೊಟ್ಟಿಯ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಡಬ್ಬಿಗೆ ಬೀಳಲಿ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಇಳಿಯುವುದಿಲ್ಲವೇ, ಹಾಗೆ. ಒಂದೂವರೆ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಅಡುಗೆ ಮುಗಿಸಿಕೊಳ್ಳಬಹುದು. ಆಮೇಲೆ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿಯ ನೀರು ಚೆಲ್ಲಿ.

ಇಷ್ಟು ನಾಜೂಕು ಯಾಕೆಂದರೆ ಸೀಗಡಿಗೆ ಕೆಟ್ಟ ನೀರಿನಷ್ಟೇ ದಿಢೀರನೆ ಬದಲಾದ ನೀರೂ ಶತ್ರು. ಹಾವಿನಂತೆ ಸೀಗಡಿಯೂ ಬೆಳೆದಂತೆಲ್ಲ ಪೊರೆ ಕಳಚುತ್ತದೆ. ಬೆಳಗ್ಗೆ ನೋಡಿದರೆ ಮೀಸೆ, ಕಾಲು, ಬಾಲ ಎಲ್ಲ ಹಾಗೇ ಇರುವ, ಒಳಗೆ ಏನೂ ಇಲ್ಲದ ಗಾಜಿನಂಥ ಚಿಪ್ಪು ತಳದಲ್ಲಿ ಬಿದ್ದಿರುತ್ತದೆ. ಸತ್ತಿತು ಅಂತ ಗಾಬರಿಯಾಗಿ ತೆಗೆದು ಬಿಸಾಡಬೇಡಿ; ಅದರಲ್ಲಿನ ಸುಣ್ಣದ ಅಂಶಕ್ಕಾಗಿ ಅವೇ ಅದನ್ನು ತಿನ್ನುತ್ತವೆ. ನೀರು ಒಮ್ಮೆಗೇ ಬದಲಾದರೆ ಒಳಗಿನ ಹೊಸ ಚಿಪ್ಪು ತಯಾರಾಗುವ ಮೊದಲೇ ಪೊರೆ ಬಿಡಲು ಹೊರಡುತ್ತವೆ. ಕತ್ತಿನ ಹಿಂದೆ ಬಿಳಿ ಉಂಗುರದಂಥ ಬಿರುಕು ಬಿಟ್ಟು, ಹೊರಗೂ ಬರಲಾಗದೆ ಒಳಗೂ ಇರಲಾಗದೆ ಸಾಯುತ್ತವೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇವತ್ತು ಕಾವೇರಿ ನೀರು, ನಾಳೆ ಟ್ಯಾಂಕರಿನ ಬೋರ್‌ವೆಲ್ ನೀರು. ಒಂದು ಮೃದು, ಇನ್ನೊಂದು ಗಡಸು. ನಿಮಗೆ ಸ್ನಾನದಲ್ಲಿ ಸೋಪು ನೊರೆ ಬರಲಿಲ್ಲ ಅನ್ನುವಷ್ಟೇ ವ್ಯತ್ಯಾಸ, ಅವಕ್ಕೆ ಅದು ಜೀವದ ಪ್ರಶ್ನೆ. ಆರ್‌ಒ ರಿಪೇರಿಯವರು ಜೇಬಿನಲ್ಲಿಟ್ಟುಕೊಳ್ಳುವ ಪೆನ್ನಿನಂಥ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದು ಕೊಂಡಿಡಿ. ಚೆರ್ರಿ ಸೀಗಡಿಗೆ 150ರಿಂದ 250 ಹಿತ. ಅದಕ್ಕಿಂತ ಮುಖ್ಯ, ಅಂಕಿ ಕುಣಿಯದಿರುವುದು. ವಾರಕ್ಕೊಮ್ಮೆ ಶೇಕಡಾ 10ರಷ್ಟು ನೀರು ಬದಲಿಸಿದರೆ ಸಾಕು. ಅತಿಥಿಗಳು ಬರುತ್ತಾರೆಂದು ಅರ್ಧ ತೊಟ್ಟಿ ಖಾಲಿ ಮಾಡಿ ತೊಳೆಯುವ ಶುದ್ಧಾಚಾರ ಬೇಡ.

ಶುದ್ಧ ಎಂದು ಬರೀ ಆರ್‌ಒ ನೀರು ತುಂಬಿಸುವವರೂ ಇದ್ದಾರೆ. ಖನಿಜವೇ ಇಲ್ಲದ ನೀರಿನಲ್ಲಿ ಚಿಪ್ಪು ಕಟ್ಟುವುದು ಹೇಗೆ? ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರವ ಹಾಕಿಯೇ ಬಳಸಿ. ಸಂಪು ತೊಳೆದು ಬ್ಲೀಚಿಂಗ್ ಪುಡಿ ಹಾಕಿದ ವಾರ ತೊಟ್ಟಿಯ ತಂಟೆಗೇ ಹೋಗಬೇಡಿ. ಹಾಂ, ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ನಿಮಗೆ ಒಳ್ಳೆಯದೋ ಏನೋ, ಸೀಗಡಿಗೆ ವಿಷ. ಅದರ ರಕ್ತದಲ್ಲೇ ತಾಮ್ರವಿದೆ, ಆದರೂ ನೀರಿನಲ್ಲಿ ಕರಗಿದ ತಾಮ್ರ ಚೂರು ಹೆಚ್ಚಾದರೂ ತಡೆಯುವುದಿಲ್ಲ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಕೆಲವು ಔಷಧಿಗಳಲ್ಲಿ ಇರುವುದೂ ಇದೇ. ಸೀಸೆಯ ಚೀಟಿ ಓದಿ. ಕಾಯಿಲೆ ಬಿದ್ದ ಮೀನನ್ನು ಬೇರೆ ಬಕೆಟ್ಟಿಗೆ ಹಾಕಿ ಮದ್ದು ಮಾಡಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಮಳೆಗಾಲ ಜಿರಲೆ ಕಾಟ ತಡೆಯಲಾರದೆ ಔಷಧಿ ಹೊಡೆಯುವವರನ್ನು ಕರೆಸಿದೆ. ಪಾತ್ರೆ, ಅಕ್ಕಿ ಡಬ್ಬ ಎಲ್ಲ ಮುಚ್ಚಿಟ್ಟೆ, ತೊಟ್ಟಿಯ ಮಾತು ಮರೆತೆ. ಬೆಳಗಾದರೆ ಟೆಟ್ರಾಗಳು ಆರಾಮವಾಗಿ ಓಡಾಡಿಕೊಂಡಿವೆ, ತಳದಲ್ಲಿ ಮೂವತ್ತಕ್ಕೂ ಹೆಚ್ಚು ಸೀಗಡಿಗಳು ಮಗ್ಗುಲಾಗಿ ಬಿದ್ದಿವೆ. ಸೀಗಡಿ ಜಿರಲೆಗೂ ಸೊಳ್ಳೆಗೂ ದೂರದ ನೆಂಟ. ಅವನ್ನು ಕೊಲ್ಲುವ ಔಷಧಿ ಇದನ್ನು ಬಿಡುತ್ತದೆಯೇ? ಗಾಳಿ ಪಂಪ್ ಬೇರೆ, ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ನೂಕುತ್ತದೆ. ಆದ್ದರಿಂದ ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್, ಸ್ಪ್ರೇ ಯಾವುದೂ ಬೇಡ. ಕಿಟಕಿಗೆ ಜಾಲರಿ ಹಾಕಿಸಿ. ಕೈಗೆ ಕ್ರೀಮು ಸವರಿಕೊಂಡು ನೀರಿಗೆ ಕೈ ಹಾಕಬೇಡಿ. ಹೊಸ ಗಿಡ ತಂದರೆ ವಾರವಾದರೂ ಬಕೆಟ್ಟಿನಲ್ಲಿಟ್ಟು ದಿನಾ ನೀರು ಬದಲಿಸಿ, ಆಮೇಲೆ ತೊಟ್ಟಿಗೆ ನೆಡಿ. ಕೀಟನಾಶಕ ಅದರ ಮೇಲೂ ಇರುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರದಲ್ಲಿ ಎರಡು ಮೂರು ಸಲ ಬೇಯಿಸಿದ ಪಾಲಕ್ ಅಥವಾ ಸೌತೆಕಾಯಿಯ ಒಂದು ತುಂಡು ಸಾಕು. ಚೆನ್ನಾಗಿ ತೊಳೆದಿರಲಿ, ಎರಡು ಮೂರು ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಒಣಗಿ ಉದುರಿದ ಎಲೆಯನ್ನು ತೊಳೆದು ಹಾಕಿದರೆ ಹಬ್ಬದೂಟ. ಫಿಲ್ಟರಿನ ಬಾಯಿಗೆ ಸ್ಪಂಜು ಸಿಕ್ಕಿಸಲು ಮರೆಯಬೇಡಿ, ಇಲ್ಲದಿದ್ದರೆ ಮರಿಗಳೆಲ್ಲ ಅದರೊಳಗೆ. ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಏದುಸಿರು ಬಿಡುತ್ತವೆ. ಮುಚ್ಚಳ ತೆಗೆದು ಜಾಲರಿ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿ.

ಇಷ್ಟು ಮಾಡಿದರೆ ಹೆಣ್ಣು ಸೀಗಡಿ ಹೊಟ್ಟೆಯ ಕೆಳಗೆ ಇಪ್ಪತ್ತು ಮೂವತ್ತು ಮೊಟ್ಟೆ ಹೊತ್ತು, ಕಾಲಿನಿಂದ ಬೀಸಣಿಗೆ ಹಾಕುತ್ತಾ ಓಡಾಡುವುದನ್ನು ನೋಡುತ್ತೀರಿ. ಸುಮಾರು ಒಂದು ತಿಂಗಳಿಗೆ ಮರಿ. ಆರು ತಿಂಗಳಲ್ಲಿ ಸಾಕಪ್ಪಾ ಸಾಕು ಅನ್ನುವಷ್ಟಾಗಬಹುದು. ಆಗ ಹತ್ತಿರದ ಕೆರೆಗೆ ಸುರಿದು ಪುಣ್ಯ ಕಟ್ಟಿಕೊಳ್ಳಲು ಹೋಗಬೇಡಿ. ಅಕ್ವೇರಿಯಂ ಮೀನಾಗಿ ಬಂದ ಸಕ್ಕರ್ ನಮ್ಮ ಕೆರೆಗಳಲ್ಲಿ ಮಾಡಿರುವ ಹಾವಳಿಯೇ ಸಾಕು. ಹೆಚ್ಚಾದ ಸೀಗಡಿಯನ್ನು ಪಕ್ಕದ ಮನೆಯ ಹುಡುಗನಿಗೆ ಕೊಡಿ, ಜೊತೆಗೆ ಒಂದು ಹಿಡಿ ಜಾವಾ ಮಾಸನ್ನೂ ಕೊಡಿ. ಅವನ ಮನೆಯಲ್ಲಿ ಸೊಳ್ಳೆ ಲಿಕ್ವಿಡ್ ಎಲ್ಲಿ ಉರಿಯುತ್ತದೆ ಎಂದು ಮೊದಲು ಕೇಳಿ.