ಬ್ಯಾಂಡೇಜಿನ ಕುಂಬ್ಳೆ, ಆಮೇಲಿನ ಕುಂಬ್ಳೆ

ಬಸವನಗುಡಿ

ಪ್ರೀತಿಯ ಪುಟ್ಟಿ,

ಕಬಡ್ಡಿ ಮ್ಯಾಚಿನಲ್ಲಿ ಯಾರದೋ ಮೊಣಕಾಲು ಕಿವಿಯ ಮೇಲ್ಗಡೆ ಬಡಿದು ಕಣ್ಣು ಕತ್ತಲಿಟ್ಟಿತಂತೆ. ಆದರೂ ಎದ್ದು ಮತ್ತೆ ರೈಡಿಗೆ ಹೋದೆಯಂತೆ. ನಿಮ್ಮಮ್ಮ ಗದರಿಸಿದ್ದಕ್ಕೆ, ‘ಕುಂಬ್ಳೆ ದವಡೆ ಮುರಿದುಕೊಂಡೇ ಬೌಲಿಂಗ್ ಮಾಡ್ಲಿಲ್ವಾ’ ಅಂದೆಯಂತೆ. ನಮ್ಮ ನ್ಯಾಷನಲ್ ಹೈಸ್ಕೂಲಿನ ಹುಡುಗನ ಹೆಸರೆತ್ತಿದರೆ ತಾತನ ಬಾಯಿ ಕಟ್ಟುತ್ತದೆ ಅಂತ ನಿನ್ನ ಲೆಕ್ಕ!

2002ರ ಮೇ ತಿಂಗಳು, ಆಂಟಿಗಾ ಟೆಸ್ಟು. ವೆಸ್ಟ್ ಇಂಡೀಸಿನ ಡಿಲ್ಲನ್ ಎಸೆದ ಚೆಂಡು ಕುಂಬ್ಳೆಯವರ ದವಡೆ ಮುರಿಯಿತು. ಮುಖದ ಸುತ್ತ ಬ್ಯಾಂಡೇಜು ಸುತ್ತಿಕೊಂಡು ಬಂದು 14 ಓವರ್ ಹಾಕಿದರು, ಲಾರಾನನ್ನೂ ಕೆಡವಿದರು. ಗಾಂಧಿ ಬಜಾರಿನಲ್ಲಿ ಆಗ ಎಲ್ಲರ ಬಾಯಲ್ಲೂ ಅದೇ ಮಾತು. ನನಗೂ ಹೆಮ್ಮೆಯೇ. ಆದರೆ ಮುರಿದದ್ದು ಮೂಳೆ ಕಣೇ. ಎಕ್ಸ್‌ರೇಯಲ್ಲಿ ಕಾಣುತ್ತದೆ, ಆಪರೇಷನ್ ಮಾಡಿ ಕೂಡಿಸುತ್ತಾರೆ.

ಮಿದುಳಿನ ಕಥೆ ಬೇರೆ. ಗಿಟುಕಾದ ಕಾಯಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಕದಲುತ್ತದಲ್ಲ, ಜೋರು ಪೆಟ್ಟಿಗೆ ಮಿದುಳೂ ಹಾಗೆ ಕುಲುಕುತ್ತದೆ. ಅದಕ್ಕೇ ಕನ್ಕಷನ್ ಅನ್ನೋದು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಸ್ಕ್ಯಾನಿನಲ್ಲೂ ಎಷ್ಟೋ ಸಲ ಏನೂ ಕಾಣುವುದಿಲ್ಲ. ಹೆಲ್ಮೆಟ್ಟು ಬುರುಡೆ ಕಾಯುತ್ತದೆ, ಈ ಕುಲುಕಾಟವನ್ನು ಪೂರಾ ತಡೆಯಲಾರದು. ನಿಮ್ಮ ಕಬಡ್ಡಿಯಲ್ಲಂತೂ ಅದೂ ಇಲ್ಲ.

ಕುಂಬ್ಳೆಯವರ ಕಥೆಯ ಉತ್ತರಾರ್ಧ ನಿನಗೆ ಯಾರೂ ಹೇಳಿಲ್ಲ. ಮುಂದೆ ಅವರು ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾದರು. ಅವರು ಆ ಕುರ್ಚಿಯಲ್ಲಿದ್ದಾಗಲೇ, 2019ರ ಆಗಸ್ಟ್‌ನಿಂದ, ಕನ್ಕಷನ್ ಆದವರ ಬದಲು ಇನ್ನೊಬ್ಬರು ಆಡುವ ನಿಯಮ ಬಂತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಆರ್ಚರ್ ಚೆಂಡು ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಿತ್ತು. ಕನ್ಕಷನ್ ಪರೀಕ್ಷೆಯಲ್ಲಿ ಪಾಸಾಗಿ ಮತ್ತೆ ಬ್ಯಾಟಿಂಗಿಗೂ ಬಂದ. ಮಾರನೆಯ ದಿನ ತಲೆನೋವು ಶುರುವಾಯಿತು, ಲಬುಶೇನ್ ಅವನ ಬದಲು ಆಡಿದ. ‘ಆಗಲೇ ಸರಿಹೋಯ್ತು ತಾತ’ ಅನ್ನುವ ನಿನ್ನ ಮಾತು ನಾನು ನಂಬದೇ ಇರುವುದು ಇದಕ್ಕೇ.

ಕ್ರಿಕೆಟ್ಟಿನ ಮಾತಷ್ಟೇ ಅಲ್ಲ, 2022ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ಕಿಕ್ ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಹುಡುಗ ಮತ್ತೆ ಏಳಲಿಲ್ಲ. ಇಪ್ಪತ್ಮೂರು ವರ್ಷ. ಅಲ್ಲಿ ತುರ್ತು ಚಿಕಿತ್ಸೆಯ ಏರ್ಪಾಡೇ ಇರಲಿಲ್ಲ ಅಂತ ಮನೆಯವರು ದೂರು ಕೊಟ್ಟರು. ಹಳೇ ಪೇಟೆಯ ಗರಡಿಗಳಲ್ಲಿ ಕುಸ್ತಿಗೆ ಮೊದಲು ಮಣ್ಣು ಅಗೆದು ಹದ ಮಾಡುತ್ತಿದ್ದರು, ಬಿದ್ದವನಿಗೆ ನೋವಾಗದಿರಲಿ ಅಂತ. ಈಗ ಬ್ಯಾನರಿಗೆ, ಶಾಲು-ಹಾರಕ್ಕೆ ದುಡ್ಡಿರುತ್ತದೆ, ಆಂಬ್ಯುಲೆನ್ಸಿಗೆ ಇರುವುದಿಲ್ಲ. ನಿಮ್ಮ ಟೂರ್ನಮೆಂಟಿನಲ್ಲಿ ಇತ್ತೇ? ಕೇಳು, ನಾಚಿಕೆ ಬೇಡ.

ನಿನ್ನ ಆಟ ಬಿಡಿಸುವುದಕ್ಕೆ ಬರೆಯುತ್ತಿಲ್ಲ. ತಲೆಗೆ ಪೆಟ್ಟಾದ ದಿನ ಮತ್ತೆ ಅಂಕಣಕ್ಕೆ ಇಳಿಯಬಾರದು, ಅಷ್ಟೇ. ಒಂದೆರಡು ದಿನ ಓದು, ಫೋನು ಎಲ್ಲ ಕಮ್ಮಿ ಮಾಡಿ ಸುಧಾರಿಸಿಕೊ. ಆಮೇಲೆ ನಡಿಗೆ, ಓಟ, ಒಬ್ಬಳೇ ಅಭ್ಯಾಸ, ಒಂದೊಂದಕ್ಕೂ ಕನಿಷ್ಠ ಒಂದು ದಿನ. ತಲೆನೋವು ಮರಳಿದರೆ ಒಂದು ಹೆಜ್ಜೆ ಹಿಂದಕ್ಕೆ. ಡಾಕ್ಟರು ಹೂಂ ಅಂದ ಮೇಲೇ ಹಿಡಿತದ ಆಟ. ಮೇಲಿಂದ ಮೇಲೆ ವಾಂತಿ, ಅತಿಯಾದ ಮಂಪರು, ಫಿಟ್ಸು ಬಂದರೆ ಮಾತ್ರ ಕಾಯಬೇಡ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡು. ನಿಮ್ಹಾನ್ಸ್ ಇರುವ ಊರಿನಲ್ಲಿದ್ದೀಯ.

ಕೋಚ್‌ಗೆ ಇನ್ನೂ ಹೇಳಿಲ್ಲವಂತೆ. ಗುರುವಾರದೊಳಗೆ ಹೇಳಿಬಿಡು. ಇಲ್ಲದಿದ್ದರೆ ಶುಕ್ರವಾರ ಬೆಳಗ್ಗೆ ನಾನೇ ಫೋನ್ ಮಾಡುತ್ತೇನೆ, ನಂಬರು ನಿಮ್ಮಮ್ಮ ಕೊಟ್ಟಿದ್ದಾಳೆ.

ಇಂತಿ,
ನಿನ್ನ ತಾತ