ವ್ಯೂಹವೂ ಹುಡುಗರೂ

ಕಾಲೇಜಿನ ಕಾಲ್ಚೆಂಡಿನ ತಂಡವನ್ನು ಪಳಗಿಸತಕ್ಕವನು ಮೊದಲೇ ನಿಶ್ಚಯಿಸಿಕೊಂಡ ವ್ಯೂಹವನ್ನು ಕಡೆಯವರೆಗೂ ಹಿಡಿದು ನಡೆಸಬೇಕೋ, ಇಲ್ಲವೆ ಎದುರಾಳಿಯನ್ನೂ ಅಂಗಣವನ್ನೂ ತನ್ನ ಹುಡುಗರ ಮೈಯ ಸ್ವಭಾವವನ್ನೂ ನೋಡಿ ಅದನ್ನು ಮಾರ್ಪಡಿಸುತ್ತ ಹೋಗಬೇಕೋ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ದೊಡ್ಡ ಕ್ಲಬ್ಬಿಗೆ ತನ್ನ ವ್ಯೂಹಕ್ಕೆ ಒಪ್ಪುವ ಆಟಗಾರನನ್ನು ಹಣ ಕೊಟ್ಟು ಕರೆತರುವ ಅನುಕೂಲವುಂಟು. ಕಾಲೇಜಿಗಾದರೋ ಜೂನ್ ತಿಂಗಳಲ್ಲಿ ಪ್ರವೇಶ ಪಡೆದು ಬಂದವರೇ ಬಲ. ಆಟ ಕೈಗೂಡುವ ಹೊತ್ತಿಗೆ ಅವರು ಪದವಿ ಮುಗಿಸಿ ಹೊರಟುಹೋಗುತ್ತಾರೆ. ಹೀಗಿರುವಲ್ಲಿ ಹುಡುಗರಿಗೆ ಒಪ್ಪುವ ವ್ಯೂಹವನ್ನು ಹುಡುಕದೆ, ವ್ಯೂಹಕ್ಕೆ ಒಪ್ಪುವ ಹುಡುಗರನ್ನು ಹುಡುಕುವುದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪೈಠಣದಲ್ಲಿ ಕಳೆದ ವರ್ಷಗಳು ನನಗೆ ಕಲಿಸಿದವು.

ನಾನು ಮೈಸೂರು ಸೀಮೆಯವನು. 1967-68ರಲ್ಲಿಯೂ ಅದರ ಮರುವರ್ಷವೂ ಮೈಸೂರು ತಂಡವೇ ಸಂತೋಷ್ ಟ್ರೋಫಿಯನ್ನು ಗೆದ್ದ ಕಾಲದಲ್ಲಿ ಬೆಳೆದವನಾದುದರಿಂದ, ಜಾಯಕವಾಡಿಯ ಅಣೆಕಟ್ಟು ಮುಗಿದು ನಾಥಸಾಗರ ತುಂಬಿನಿಂತ ಮೇಲೆ ಪೈಠಣದ ಕಾಲೇಜೊಂದಕ್ಕೆ ಅಧ್ಯಾಪಕನಾಗಿ ಬಂದಾಗ, ಕ್ರೀಡಾ ಸಮಿತಿಯ ಹೊಣೆಯನ್ನು ಕೇಳಿ ಪಡೆದುಕೊಂಡೆನು. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಹೆಸರಿಸಿದ ಗೋದಾವರಿಯ ದಡದಲ್ಲಿ, ಸಾತವಾಹನರ ಪ್ರತಿಷ್ಠಾನದಲ್ಲಿ ನಿಂತಿರುವೆನೆಂಬ ಹೆಮ್ಮೆ ನನಗಿತ್ತು. ಆದರೆ ಕಾಲ್ಚೆಂಡಿಗೆ ಆ ಊರಿನಲ್ಲಿ ಪರಂಪರೆಯಿರಲಿಲ್ಲ. ಅಣೆಕಟ್ಟಿನ ನೌಕರರ ಮಕ್ಕಳು ಕೆಲವರು, ಪೈಠಣಿ ಸೀರೆ ನೇಯುವ ಮನೆಗಳವರು ಒಬ್ಬಿಬ್ಬರು, ಮಿಕ್ಕವರೆಲ್ಲರೂ ಸುತ್ತಲಿನ ಹಳ್ಳಿಗಳ ರೈತರ ಮಕ್ಕಳು. ಖೋ-ಖೋ, ಕಬಡ್ಡಿಗಳನ್ನು ಆಡುತ್ತ ದೊಡ್ಡವರಾದವರು.

ನಮ್ಮ ತರಬೇತುದಾರರು ಶ್ರದ್ಧಾವಂತರು. ಬೆಳಗಿನ ಜಾವಕ್ಕೆ ಎಲ್ಲರಿಗಿಂತ ಮೊದಲು ಅಂಗಣದಲ್ಲಿರುತ್ತಿದ್ದರು. ಶಿಬಿರವೊಂದರಲ್ಲಿ ಕಲಿತುಬಂದ 4-3-3ರ ವ್ಯೂಹವನ್ನು ನೋಟುಬುಕ್ಕಿನಲ್ಲಿ ಬಣ್ಣದ ಪೆನ್ಸಿಲ್ಲುಗಳಿಂದ ಬರೆದಿಟ್ಟುಕೊಂಡು, ಚೆಂಡು ಗೋಲಿಯ ಕೈಯಿಂದ ಹೊರಟು ಸಣ್ಣ ಸಣ್ಣ ಪಾಸುಗಳಲ್ಲಿ ಹಿಂದಿನ ಸಾಲಿನಿಂದ ನಡುವಿನ ಸಾಲಿಗೆ, ಅಲ್ಲಿಂದ ಮುಂದಿನ ಸಾಲಿಗೆ ಸಾಗಬೇಕೆಂದು ವಿಧಿಸಿದ್ದರು. ವ್ಯೂಹದಲ್ಲಿ ದೋಷವಿರಲಿಲ್ಲ. ಆದರೆ ನಮ್ಮದು ಎರೆಮಣ್ಣಿನ ನೆಲ. ಮಳೆಗಾಲದಲ್ಲಿ ಬೂಟಿಗೆ ಮೆತ್ತಿಕೊಂಡು ಬಿಡದು, ಒಣಗಿದರೆ ಬಿರುಕುಬಿಟ್ಟು ಚೆಂಡನ್ನು ಎತ್ತಲೋ ಪುಟಿಸುವುದು. ಅಂಥ ನೆಲದಲ್ಲಿ ಸಣ್ಣ ಪಾಸು ಎಲ್ಲಿಗೆ ಹೋದೀತೆಂದು ಕೊಟ್ಟವನಿಗೇ ತಿಳಿಯದು.

ಇನ್ನೊಂದು ಸಂಗತಿಯನ್ನು ನಾನು ಗೆರೆಯ ಪಕ್ಕದಲ್ಲಿ ನಿಂತು ದಿನವೂ ನೋಡುತ್ತಿದ್ದೆನು. ಖೋ-ಖೋದಲ್ಲಿ ಬೆನ್ನಟ್ಟುವವನು ಒಮ್ಮೆ ಒಂದು ದಿಕ್ಕನ್ನು ಹಿಡಿದರೆ ಕಂಬವನ್ನು ಮುಟ್ಟುವವರೆಗೂ ಹಿಂದಿರುಗಲಾಗದು. ಬಾಲ್ಯದಿಂದಲೂ ಆ ನಿಯಮವನ್ನು ಮೈಗೂಡಿಸಿಕೊಂಡ ಹುಡುಗನನ್ನು ನಡುವಿನ ಸಾಲಿನಲ್ಲಿ ನಿಲ್ಲಿಸಿ, ಚೆಂಡನ್ನು ತಡೆದು ಹಿಂದಕ್ಕೆ ತಿರುಗಿ ಪಾಸು ಕೊಡು ಎಂದರೆ, ಅವನ ಕಾಲು ಒಂದು ಕ್ಷಣ ಅನುಮಾನಿಸುತ್ತಿತ್ತು. ಆ ಕ್ಷಣದಲ್ಲಿ ಚೆಂಡು ಎದುರಾಳಿಯದಾಗುತ್ತಿತ್ತು. ಅದೇ ಹುಡುಗನನ್ನು ಅಂಚಿಗೆ ಕಳುಹಿಸಿ ಮುಂದೆ ಬಯಲು ಬಿಟ್ಟುಕೊಟ್ಟರೆ ಅವನನ್ನು ಹಿಡಿಯಬಲ್ಲವರು ವಿಶ್ವವಿದ್ಯಾಲಯದಲ್ಲಿಯೇ ವಿರಳ. ಕಬಡ್ಡಿಯ ಹುಡುಗರ ಗುಣ ಬೇರೆ. ಕೈಗೆ ಕೈ ಹಿಡಿದು ಸರಪಳಿ ಕಟ್ಟಿ ಅಭ್ಯಾಸವಿದ್ದ ಅವರಿಗೆ ಜೊತೆಗಾರನು ಒಂದು ಹೆಜ್ಜೆ ಸರಿದರೆ ತಾವೂ ಸರಿಯಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಕ್ಷಣೆಯ ಸಾಲಿಗೆ ಹುಟ್ಟಿದವರಂತಿದ್ದರು.

ಆಗಿನ ಔರಂಗಾಬಾದಿನಲ್ಲಿ, ಎಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಅಂತರಕಾಲೇಜು ಪಂದ್ಯವೊಂದರ ವಿರಾಮದ ವೇಳೆಗೆ ನಾವು ಎರಡು ಗೋಲುಗಳಿಂದ ಹಿಂದಿದ್ದೆವು. ರಕ್ಷಣೆಯ ನಡುವೆ ಆಡುತ್ತಿದ್ದ ನಾಯಕನು ಎತ್ತರದವನು, ತಲೆಯಿಂದ ಚೆಂಡನ್ನು ಹೊಡೆಯುವುದರಲ್ಲಿ ನಿಪುಣ. ಅವನು ನೀರಿನ ಲೋಟವನ್ನು ಕೆಳಗಿಟ್ಟು, “ಸರ್, ಮೀ ಪುಢೇ ಜಾಊ ಕಾ?” ಎಂದು ತರಬೇತುದಾರರನ್ನು ಕೇಳಿದನು. ತಾನು ಮುಂದಕ್ಕೆ ಹೋಗಲೇ ಎಂದಷ್ಟೇ ಅವನ ವಿನಂತಿ. ನಿನ್ನ ಜಾಗದಲ್ಲಿ ನೀನಿರು ಎಂದು ಉತ್ತರ ಬಂದಿತು. ಅದೇ ಎರಡು ಗೋಲುಗಳ ಅಂತರದಿಂದ ನಾವು ಸೋತೆವು. ಸೋಲಿಗಿಂತಲೂ, ಮರಳಿ ಬರುವ ಬಸ್ಸಿನಲ್ಲಿ ಆ ಹುಡುಗನು ಮಾತನಾಡದೆ ಕುಳಿತುದು ನನಗೆ ಹೆಚ್ಚು ನೋವನ್ನುಂಟುಮಾಡಿತು.

ಮರುದಿನ ಕಾಲೇಜಿನ ಹಿರಿಯ ಗುಮಾಸ್ತರೊಬ್ಬರು ಈ ವೃತ್ತಾಂತವನ್ನು ಕೇಳಿ ರಹೀಮ್ ಸಾಹೇಬರ ಹೆಸರೆತ್ತಿದರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಪೈಠಣವೂ ಹೈದರಾಬಾದ್ ರಾಜ್ಯದ ಊರೇ ಆಗಿದ್ದುದರಿಂದ, 1950ರಿಂದ 1954ರವರೆಗೆ ಎಡೆಬಿಡದೆ ರೋವರ್ಸ್ ಕಪ್ಪನ್ನು ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಪಾಲಿಗೆ ಸ್ವಂತ ಊರಿನ ತಂಡದಷ್ಟೇ ಪ್ರಿಯವಾಗಿತ್ತು. ಅದನ್ನು ರೂಪಿಸಿದ ಸೈಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲಾ ಮಾಸ್ತರರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಥಾಯ್ಲೆಂಡಿನ ವಿರುದ್ಧದ ಪಂದ್ಯದಲ್ಲಿ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಾಗ, ಭಾರತ ತಂಡದ ತರಬೇತುದಾರರಾಗಿದ್ದ ರಹೀಮರು ಅವರನ್ನು ಮುಂಚೂಣಿಯಲ್ಲಿ ಆಡಿಸಿದರು. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೆ ಒಂದು ಗೋಲು, ಫೈನಲಿನಲ್ಲಿ ದಕ್ಷಿಣ ಕೊರಿಯದ ಮೇಲೆ ಇನ್ನೊಂದು ಗೋಲು ಜರ್ನೈಲರವೇ. ಮೊದಲ ಪಂದ್ಯದಲ್ಲಿ ತಮ್ಮನ್ನು ಸೋಲಿಸಿದ್ದ ಕೊರಿಯವನ್ನು 2-1ರಿಂದ ಮಣಿಸಿ ನಮ್ಮವರು ಚಿನ್ನ ಗೆದ್ದರು. ಇದನ್ನು ಹೇಳುವಾಗ ಗುಮಾಸ್ತರ ಕಣ್ಣು ತುಂಬಿದ್ದಿತು, ಏಕೆಂದರೆ ಆ ವೇಳೆಗಾಗಲೇ ಕ್ಯಾನ್ಸರಿಗೆ ತುತ್ತಾಗಿದ್ದ ರಹೀಮರು ಮರುವರ್ಷವೇ ತೀರಿಕೊಂಡರು.

ಆದರೆ ಜಕಾರ್ತಾದ ಆ ನಿರ್ಧಾರ ಹೊತ್ತಿಗೆ ಹೊಳೆದ ಉಪಾಯವೆಂದು ತಿಳಿಯುವವರು ರಹೀಮರನ್ನು ಅರ್ಧ ಮಾತ್ರ ಅರಿತವರು. ಅವರು ಹೈದರಾಬಾದಿನಲ್ಲಿ ಡ್ರಿಬ್ಲಿಂಗನ್ನು ನಿಷೇಧಿಸಿದ ಪಂದ್ಯಾವಳಿಗಳನ್ನೂ, ದುರ್ಬಲ ಕಾಲಿನಿಂದಲೇ ಆಡಬೇಕೆಂಬ ಪಂದ್ಯಗಳನ್ನೂ ಏರ್ಪಡಿಸುತ್ತಿದ್ದರು. ಎರಡು ಕಾಲೂ ನಡೆಯುವವನನ್ನು ಎಡಕ್ಕಾದರೂ ಬಲಕ್ಕಾದರೂ ಕಳುಹಿಸಬಹುದು. ಒಂದೇ ಕಾಲಿನವನನ್ನು ಸ್ಥಳಾಂತರಿಸಿದರೆ ತಂಡಕ್ಕೆ ರಂಧ್ರವೇ ಹೆಚ್ಚು. ಮಾರ್ಪಾಟಿಗೆ ಬೇಕಾದ ಸಾಮಗ್ರಿಯನ್ನು ಅಭ್ಯಾಸದ ಅಂಗಣದಲ್ಲಿಯೇ ಕೂಡಿಡಬೇಕು.

ಇದರ ವಿಪರೀತವನ್ನೂ ನಾನು ಕಂಡಿದ್ದೇನೆ. ನೆರೆಯ ತಂಡವೊಂದರ ತರಬೇತುದಾರರು ಪ್ರತಿ ಪಂದ್ಯಕ್ಕೂ ಹೊಸ ವ್ಯೂಹ ಹೂಡುತ್ತ, ಒಂದು ಗೋಲು ಬಿದ್ದೊಡನೆ ನಾಲ್ವರ ಸ್ಥಾನ ಬದಲಿಸುತ್ತ, ಕಡೆಗೆ ಕಾರ್ನರ್ ಕಿಕ್ಕಿನ ವೇಳೆ ಯಾರು ಯಾರನ್ನು ಕಾಯಬೇಕೆಂಬುದೇ ಹುಡುಗರಿಗೆ ತಿಳಿಯದಂತೆ ಮಾಡಿಬಿಟ್ಟಿದ್ದರು. ಚೆಂಡು ಕಳೆದುಕೊಂಡೊಡನೆ ಯಾರು ಹಿಂದಕ್ಕೆ ಓಡಬೇಕು, ಗೋಲಿಯ ಕೂಗಿಗೆ ಯಾರು ಮಣಿಯಬೇಕು ಎಂಬಿವು ಎಂದಿಗೂ ಸಡಿಲವಾಗತಕ್ಕವಲ್ಲ. ಇವು ಗಟ್ಟಿಯಾಗಿರುವ ತಂಡಕ್ಕೆ ಮಾತ್ರ ಮಿಕ್ಕುದನ್ನು ಬದಲಿಸುವ ಸ್ವಾತಂತ್ರ್ಯವಿರುವುದು.

ನಮ್ಮ ತರಬೇತುದಾರರೊಡನೆ ನಾನು ವಾದಿಸಲಿಲ್ಲ. ಖೋ-ಖೋದ ಹುಡುಗರ ಓಟವನ್ನು ಮಾತ್ರ ಒಂದು ಸಂಜೆ ಅವರೊಡನೆ ಕುಳಿತು ನೋಡಿದೆನು. ಅವರು ನೋಡಿದರು, ಏನೂ ಹೇಳಲಿಲ್ಲ. ಮುಂದಿನ ಜೂನಿನಲ್ಲಿ ತಂಡಕ್ಕೆ ಹೆಸರು ಕೊಡಲು ಬಂದವರನ್ನು ಅವರು ಕೇಳಿದ ಮೊದಲ ಪ್ರಶ್ನೆ, “ಊರಿನಲ್ಲಿ ಏನು ಆಡುತ್ತಿದ್ದೆ?” ಎಂಬುದು. ನೋಟುಬುಕ್ಕಿನಲ್ಲಿ 4-3-3 ಹಾಗೆಯೇ ಉಳಿದಿತ್ತು. ಅದರ ಎದುರಿನ ಪುಟದಲ್ಲಿ ಒಬ್ಬೊಬ್ಬನ ಹೆಸರಿನ ಮುಂದೆಯೂ ಎರಡೆರಡು ಸ್ಥಾನಗಳನ್ನು ಬರೆದಿದ್ದರು. ಬಸ್ಸಿನಲ್ಲಿ ಮೌನವಾಗಿ ಕುಳಿತಿದ್ದ ಆ ನಾಯಕನು ತನ್ನ ಕೊನೆಯ ವರ್ಷದಲ್ಲಿ ಹೊಡೆದ ಗೋಲುಗಳಲ್ಲಿ ಬಹುಪಾಲು, ರಕ್ಷಣೆಯ ಸಾಲಿನಿಂದ ಮುಂದಕ್ಕೆ ಬಂದು ತಲೆಯಿಂದ ಹೊಡೆದವು.